ಹನ್ನೆರಡು ಸೆಕೆಂಡಿನ ಚೆಂಡುಹೂ

ಬೆಳಗಿನ ಐದು ಗಂಟೆ. ಗುಂಡ್ಲುಪೇಟೆಯ ಸೈಕಲ್ ಶಾಪೊಂದರ ಮೇಲಿನ ಪುಟ್ಟ ಕೋಣೆಯಲ್ಲಿ ಫಖ್ರುನ್ನೀಸಾ ಒಬ್ಬರೇ ಕೂತು, ಕಂಪ್ಯೂಟರ್ ಪರದೆಯ ಮೇಲಿನ ಹೆಸರೊಂದನ್ನು ಬೆರಳಿಟ್ಟು ಓದುತ್ತಿದ್ದಾರೆ. ಅದೂ ಒಂದನೇ ಕ್ಲಾಸಿನ ಮಗುವಿನ ಹಾಗೆ. ‘ಶಾಂ... ತ... ಮ...’ ಎನ್ನುತ್ತಾ, ಎಡಗೈಯಲ್ಲಿ ಅಪ್ಪನ ಹಳೇ ಗಡಿಯಾರ ಹಿಡಿದು ಸೆಕೆಂಡಿನ ಮುಳ್ಳು ನೋಡುತ್ತಾರೆ. ಓದು ಬಾರದವರೇನಲ್ಲ, ಹೀಗೆ ತಡವರಿಸುವುದೂ ಅವರ ಕೆಲಸದಲ್ಲಿ ಸೇರಿದೆ.

ಊರಿನ ಕೇಬಲ್ ಟಿವಿಯಲ್ಲಿ ದಿನಕ್ಕೆ ಮೂರು ಸಲ, ಎರಡೆರಡು ನಿಮಿಷ ಪ್ರಕಟಣೆ ಬರುತ್ತದಲ್ಲ, ಸೀರೆ ಅಂಗಡಿಯ ರಿಯಾಯಿತಿ, ಮದುವೆ, ಕಳೆದುಹೋದ ಎಮ್ಮೆ, ತೀರಿಕೊಂಡವರ ಸುದ್ದಿ, ಆ ಅಕ್ಷರಗಳನ್ನು ಬರೆದು, ಕುಣಿಸಿ, ನಡೆಸಿ, ನಿಲ್ಲಿಸುವ ಕೈ ಇವರದು. ಅಕ್ಷರ ಊರಿಗೆಲ್ಲ ಗೊತ್ತು, ಕೈ ಯಾರಿಗೂ ಗೊತ್ತಿಲ್ಲ. ಕಂಪ್ಯೂಟರ್ ತಾನೇ ಎಲ್ಲ ಮಾಡುತ್ತದೆ ಎಂದು ನಂಬಿದವರೇ ಹೆಚ್ಚು.

ಅಪ್ಪ ಹಿದಾಯತ್ ಉಲ್ಲಾ ಬೋರ್ಡ್ ಬರೆಯುತ್ತಿದ್ದವರು. ಚಾಮರಾಜನಗರದ ತನಕ ಅಂಗಡಿ ಅಂಗಡಿಗೂ ಅವರ ಅಕ್ಷರ. ಮಗಳು ಏಣಿ ಹಿಡಿದುಕೊಂಡೇ ಬೆಳೆದರು. ತೊಂಬತ್ತನಾಲ್ಕನೇ ಇಸವಿಯಲ್ಲಿ ಅಪ್ಪ ತೀರಿಕೊಂಡರು. ಮರುವರ್ಷ ಕೇಬಲ್ ಮಾಲೀಕ ರಾಜಣ್ಣ ಮೈಸೂರಿನಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು, ‘ಅಕ್ಷರ ಬಲ್ಲೋರು ನೀವೊಬ್ರೇ’ ಎಂದು ಇವರನ್ನು ಕೂರಿಸಿದರು. ಕಲಿಸಲು ಬಂದ ಹುಡುಗ ಎರಡೇ ದಿನಕ್ಕೆ ಬಸ್ಸು ಹತ್ತಿದ. ಪುಸ್ತಕವೋ ಇಂಗ್ಲಿಷಿನದು. ಕೇಳೋಣವೆಂದರೆ ಇಡೀ ತಾಲೂಕಿನಲ್ಲಿ ಈ ಕೆಲಸ ಬಲ್ಲ ಇನ್ನೊಂದು ಪ್ರಾಣಿ ಇಲ್ಲ.

“ಆ ಕಂಪ್ಯೂಟರ್‌ಗೆ ಕನ್ನಡಾನೇ ಬರ್ತಿರ್ಲಿಲ್ಲ. ಒತ್ತಕ್ಷರ ಕೊಟ್ರೆ ಬಾಲ ಕಳಚಿ ಬೀಳೋದು. ಹೋಗ್ಲಿ ಅಂತ ಒಂದೊಂದು ಹೆಸರೂ ಚಿತ್ರದ ಥರ ಮೌಸಲ್ಲಿ ಬರ್ದೆ,” ಎಂದು ನಗುತ್ತಾರೆ. ಅಕ್ಷರ ಚಲಿಸುವುದನ್ನು ಬಸ್ ಸ್ಟ್ಯಾಂಡಿನಲ್ಲಿ ಕಲಿತರಂತೆ. “ಬಸ್ಸು ಬಂದು ಧಡ್ ಅಂತ ನಿಲ್ಲಲ್ಲ, ನಿಧಾನ ಆಗಿ ನಿಲ್ತದೆ. ಹೆಸರೂ ಹಂಗೇ ನಿಲ್ಬೇಕು.” ಮೊದಲ ವರ್ಷ ಒಂದು ಎಡವಟ್ಟೂ ಆಯಿತು. ಮದುವೆಗೆಂದು ಮಾಡಿದ ಕುಣಿತದಲ್ಲೇ ಸಾವಿನ ಹೆಸರೊಂದು ಚೆಂಡಿನಂತೆ ಪುಟಿದು ಬಂತು. ಆ ಮನೆಯವರ ಎದುರು ನಿಂತು ಕ್ಷಮೆ ಕೇಳಿದ್ದನ್ನು ಹೇಳುವಾಗ ಈಗಲೂ ಅವರು ತಲೆ ಎತ್ತುವುದಿಲ್ಲ.

ಊರು ಮೆಚ್ಚಿದ್ದು ಮಾತ್ರ ಅವರ ಚೆಂಡುಹೂವನ್ನು. ಪ್ರಕಟಣೆ ಶುರುವಾಗುವ ಮುನ್ನ ಒಂದು ಮೊಗ್ಗು ಹನ್ನೆರಡು ಸೆಕೆಂಡಿನಲ್ಲಿ ಅರಳುತ್ತಿತ್ತು. ಸೆಕೆಂಡಿಗೆ ಎಂಟರಂತೆ ತೊಂಬತ್ತಾರು ಚಿತ್ರ, ಮೂರು ತಿಂಗಳ ಕೆಲಸ. “ಹೂವಿನ ಎಸಳೆಲ್ಲ ಒಟ್ಟಿಗೆ ಬಿಚ್ಚಲ್ಲ. ಹೊರಗಿಂದು ಮೊದ್ಲು, ಒಳಗಿಂದು ಆಮೇಲೆ. ಹೊಲದಲ್ಲಿ ಕೂತು ನೋಡ್ದೆ,” ಎನ್ನುತ್ತಾರೆ. ಕೈಯಾರೆ ಮಾಡಿ ತನ್ನದು ಎಂದುಕೊಂಡದ್ದು ಅದೊಂದೇ. ಹೂವು ಅರಳಿದಾಗ ಬೀದಿಯ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ಕೋಣೆಯಲ್ಲಿ ಕೂತ ಇವರಿಗೆ ಅದು ಕೇಳಿಸುತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಎದುರು ಮನೆಯ ಗುರುಮಲ್ಲಮ್ಮ ಮೆಟ್ಟಿಲು ಹತ್ತಿ ಬಂದರು. ಹೂ ಕಟ್ಟಿ ಮಾರುವ, ಸಾಕ್ಷರತಾ ಆಂದೋಲನದಲ್ಲಿ ಐವತ್ತರ ಮೇಲೆ ಅಕ್ಷರ ಕಲಿತ ಹೆಂಗಸು. ಹಿಂದಿನ ದಿನ ಅವರ ಬಾಲ್ಯದ ಗೆಳತಿ, ಚಂದಕವಾಡಿಯ ಮಲ್ಲಿಗಮ್ಮ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಿತ್ತು.

“ನಾನು ಅಕ್ಸರ ಕೂಡಿಸ್ಕಂಡು ಓದೋಳು ಕಣಮ್ಮಿ. ಊರೆಸ್ರು ಓದ್ದೆ, ‘ಮಲ್ಲಿ’ ಅನ್ನೋಗಂಟ ಓದ್ದೆ, ಅಷ್ಟೊತ್ಗೆ ಓಗ್ಬುಡ್ತು. ಮದ್ಯಾನ ಕರೆಂಟಿಲ್ಲ. ಸಂಜೆ ಪೂರಾ ಓದೋವತ್ಗೆ ಅವ್ಳ್ನ ಮಣ್ಣು ಮಾಡ್ಬುಟ್ಟಿದ್ರು. ಮೊಕ ನೋಡ್ನಿಲ್ಲ ಕಣಮ್ಮಿ.”

ಬೈದಿದ್ದರೂ ಚೆನ್ನಾಗಿತ್ತು, ಗುರುಮಲ್ಲಮ್ಮ ಬೈಯಲಿಲ್ಲ. ಫಖ್ರುನ್ನೀಸಾ ಆಕೆಯನ್ನು ಪರದೆಯ ಮುಂದೆ ಕೂರಿಸಿ ಅದೇ ಸುದ್ದಿಯನ್ನು ಮತ್ತೆ ಓದಿಸಿದರು. ಗಡಿಯಾರ ಇಪ್ಪತ್ನಾಲ್ಕು ಸೆಕೆಂಡು ತೋರಿಸಿತು. ಒಂದು ಪ್ರಕಟಣೆಗೆ ಸಿಗುತ್ತಿದ್ದುದು ಹನ್ನೆರಡೇ. ಓದಿ ಮುಗಿಸಿದ ಗುರುಮಲ್ಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಇವರೂ ಅತ್ತರು.

ಮರುದಿನವೇ ರಾಜಣ್ಣನ ಬಳಿ ಹೋಗಿ ಸಾವಿನ ಸುದ್ದಿಗೆ ಹೆಚ್ಚು ಹೊತ್ತು ಕೇಳಿದರು. ರಾಜಣ್ಣ ಕೆಟ್ಟವರೇನಲ್ಲ, ಆದರೆ ವ್ಯಾಪಾರಸ್ಥರು. “ಎರಡು ನಿಮಿಷದ ಮೇಲೆ ಒಂದು ಸೆಕೆಂಡೂ ಆಗಲ್ಲ ಕಣಮ್ಮ. ಅಂಗಡಿಯೋರ್ದು ತೆಗೆಯಂಗಿಲ್ಲ. ಬೇಕಾದ್ರೆ ನಿನ್ನ ಹೂವಾ ತೆಗಿ,” ಎಂದುಬಿಟ್ಟರು. ತೆಗೆಯಲಾರಳು ಎಂಬ ಧೈರ್ಯ ಅವರಿಗೆ. ಫಖ್ರುನ್ನೀಸಾ ಅವತ್ತೇ ತೆಗೆದು, ಆ ಹನ್ನೆರಡು ಸೆಕೆಂಡನ್ನು ಸಾವಿನ ಸುದ್ದಿಗೆ ಸೇರಿಸಿದರು.

ಹೂವು ಏಕೆ ಹೋಯಿತೆಂದು ಊರಿನಲ್ಲಿ ಯಾರೂ ಬಂದು ಕೇಳಲಿಲ್ಲ. ಚಪ್ಪಾಳೆ ನಿಂತಿತು, ಮಕ್ಕಳು ನಾಲ್ಕು ದಿನ ಕಾದು ಆಮೇಲೆ ಕಾಯುವುದನ್ನೂ ಬಿಟ್ಟರು. ಅದು ನೋಯಿಸಿತೇ ಎಂದರೆ, “ನೋಯ್ದೇ ಇರ್ತದಾ? ಸಾಯಂಕಾಲ ಮನೆಗೆ ಹೋದ್ರೆ ಮಾತಾಡ್ಸೋರಿಲ್ಲ. ಆ ಚಪ್ಪಾಳೆ ಒಂದಿತ್ತು,” ಎನ್ನುತ್ತಾರೆ ನೇರವಾಗಿ. ಒಂದೇ ದಿನ ಎರಡು ಸಾವಾದರೆ? “ಅವತ್ತು ರಾಜಣ್ಣನ ಹತ್ರ ಜಗಳ!”

ಗಂಟೆ ಏಳು. ಗುಂಡಿ ಒತ್ತಿ ಅವರು ಕಿಟಕಿಗೆ ಬರುತ್ತಾರೆ. ಮದ್ದೂರಿನ ಶಾಂತಮಲ್ಲಪ್ಪನವರ ಹೆಸರು ಮೆಲ್ಲಗೆ ಬಂದು, ನಿಧಾನವಾಗಿ, ನಿಲ್ಲುತ್ತದೆ. ಎದುರು ಮನೆಯಿಂದ ಗುರುಮಲ್ಲಮ್ಮನ ದನಿ: “ಶಾಂ... ತ... ಮ... ಲ್ಲ... ಪ್ಪ.” ಊರು, ಮನೆ, ಮಣ್ಣು ಮಾಡುವ ಹೊತ್ತು, ಎಲ್ಲ ಓದಿಯಾದ ಮೇಲೂ ಹೆಸರು ಒಂದು ಗಳಿಗೆ ನಿಂತೇ ಇರುತ್ತದೆ. ಫಖ್ರುನ್ನೀಸಾ ಅಲ್ಲಿಯವರೆಗೂ ಕದಲುವುದಿಲ್ಲ.

ಆ ಹೂವನ್ನು ಅಳಿಸಿಬಿಟ್ಟಿರಾ ಎಂದು ಕೇಳಿದರೆ ಮೇಜಿನ ಡ್ರಾಯರ್ ತೆರೆದು, ಬಟ್ಟೆಯಲ್ಲಿ ಸುತ್ತಿಟ್ಟ ಫ್ಲಾಪಿಗಳನ್ನು ತೋರಿಸುತ್ತಾರೆ.

“ಯಾಕೆ ಅಳಿಸ್ಲಿ? ಸಾವಿನ ಸುದ್ದಿ ಬರ್ದೇ ಇರೋ ದಿನ ಹಾಕ್ತೀನಿ. ಹೋದ ತಿಂಗ್ಳು ಮೂರು ದಿನ ಅರಳ್ತು. ಜನ ಹೂ ಅಂದ್ಕೊಂಡು ನೋಡ್ತಾರೆ. ಅವತ್ತು ಎಲ್ಲರ ಮನೇಲೂ ಎಲ್ಲರೂ ಇದ್ದಾರೆ ಅಂತ ನನಗೊಬ್ಬಳಿಗೆ ಗೊತ್ತು. ವಾರಕ್ಕೆರಡು ದಿನ ಆದ್ರೂ ಅದು ಅರಳ್ಲಿ ಅಂತ ಆಸೆ.”