ಅಕ್ಕನ ಬಿಳಿ ಕೋಳಿಗಳು

ಕೋಣಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಆ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿಕೊಟ್ಟಾಗ ಸುತ್ತ ನಿಂತವರೆಲ್ಲ ಮಾತು ನಿಲ್ಲಿಸಿದರು. ಪೆಟ್ಟಿಗೆಗಳ ಬದಿಗೆಲ್ಲ ತೂತುಗಳಿದ್ದವು. ಒಳಗಿಂದ ಚಿಂವ್‌ಗುಟ್ಟುವ ಸಣ್ಣ ಸದ್ದು ಒಂದೇ ಸಮನೆ ಬರುತ್ತಿತ್ತು. ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿಗಳು. ಎಲ್ಲೋ ದೂರದ ಊರಿನಲ್ಲಿ ಮಶೀನಿನೊಳಗೆ ಹುಟ್ಟಿ, ರಾತ್ರಿಯಿಡೀ ಲಾರಿಯಲ್ಲಿ ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ಬಸ್ಸು ಹತ್ತಿದ್ದವು. ಅಕ್ಕ ಒಂದು ಪೆಟ್ಟಿಗೆಯ ತೂತಿಗೆ ಕಿವಿ ಇಟ್ಟು ಕೇಳಿ, "ಎಲ್ಲ ಜೀವ ಇದಾವೆ ಕಣೆ" ಎಂದು ನನ್ನ ಕಡೆ ನೋಡಿ ನಕ್ಕಳು. ಅವಳು ಹಾಗೆ ನಕ್ಕು ಬಹಳ ಕಾಲವಾಗಿತ್ತು.

ಅಕ್ಕ ಗಂಡನ ಮನೆಯಲ್ಲಿ ಬಾಳಲಾಗದೆ ವಾಪಸು ಬಂದವಳು. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅಮ್ಮ, ಅಕ್ಕ ಮತ್ತು ಹೈಸ್ಕೂಲು ಮುಗಿಸಿ ಕೂತಿದ್ದ ನಾನು. ಗದ್ದೆಯ ಕೆಲಸವನ್ನು ಪಕ್ಕದ ಮನೆಯ ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಂಪ್‌ಸೆಟ್ಟು, ಟಿಲ್ಲರು, ಹೊಸ ಭತ್ತದ ತಳಿ ಎಲ್ಲ ನಮ್ಮ ಕಡೆಗೂ ಬಂದಾಗಿತ್ತು. ಆದರೆ ಕೋಳಿ ಸಾಕುವುದನ್ನು ಯಾರೂ ಒಂದು ಉದ್ಯಮವೆಂದು ಎಣಿಸಿರಲಿಲ್ಲ. ಕೋಳಿ ಅಂದರೆ ಅಂಗಳದಲ್ಲಿ ಕೆದರಿಕೊಂಡು ತಿಂದು, ನೆಂಟರು ಬಂದ ದಿನ ಸಾರಾಗುವಂಥದ್ದು. ಅಕ್ಕ ಶಿವಮೊಗ್ಗದಲ್ಲಿ ರೈತರಿಗೆ ನಡೆಸುತ್ತಿದ್ದ ತರಬೇತಿಗೆ ಹೋಗಿ, ಗಂಡಸರ ನಡುವೆ ಒಬ್ಬಳೇ ಹೆಂಗಸಾಗಿ ಕೂತು ಕಲಿತು ಬಂದಿದ್ದಳು. ಮನೆಯ ಹಿಂದಿನ ದಿಬ್ಬದ ಮೇಲೆ ಅರ್ಧ ಗೋಡೆ, ಅರ್ಧ ತಂತಿ ಬಲೆಯ ಉದ್ದನೆಯ ಶೆಡ್ಡು ಎದ್ದಿತು. ನೆಲಕ್ಕೆ ಮರದ ಮಿಲ್ಲಿನಿಂದ ತಂದ ಹೊಟ್ಟು ಹರಡಿದೆವು. ಮರಿಗಳಿಗೆ ಬೆಚ್ಚಗಾಗಲು ತಗಡಿನ ಮುಚ್ಚಳದಡಿ ಬಲ್ಬು ಕಟ್ಟಿದೆವು. ಕರೆಂಟು ಹೋದಾಗ ಲಾಟೀನು ಇಡುತ್ತಿದ್ದೆವು.

ಅಮ್ಮ ಬಾಗಿಲಲ್ಲೇ ನಿಂತು ನೋಡಿದಳು. "ರೆಕ್ಕೆ ಅಡಿಗೆ ಹೋಗಾಕೆ ಒಂದ್ ತಾಯಿನೂ ಇಲ್ಲ. ಇವು ಯಾರನ್ನ ನೋಡಿ ಕಲಿತಾವೆ?"

"ಕಲಿಯಾದು ಎಂತ ಇದೆ ಅಮ್ಮ? ತಿನ್ನಾದು, ಮೊಟ್ಟೆ ಇಡಾದು" ಎಂದಳು ಅಕ್ಕ.

ಮರಿಗಳು ಬೆಳೆದವು. ಎಲ್ಲವೂ ಬಿಳಿ, ಎಲ್ಲವೂ ಒಂದೇ ಅಳತೆ. ಒಂದನ್ನೊಂದು ಕುಕ್ಕಿ ರಕ್ತ ಬರಿಸುತ್ತವೆ ಎಂದು ಅಕ್ಕ ಒಂದು ದಿನ ಅವುಗಳ ಕೊಕ್ಕಿನ ತುದಿಯನ್ನು ಕಾದ ಅಲಗಿನಿಂದ ಕತ್ತರಿಸಿದಳು. ಹಿಡಿದುಕೊಡುವ ಕೆಲಸ ನನ್ನದು. ಕೂದಲು ಸುಟ್ಟಂಥ ವಾಸನೆ ಸಂಜೆ ಸ್ನಾನ ಮಾಡಿದರೂ ನನ್ನ ಕೈಯಿಂದ ಹೋಗಲಿಲ್ಲ. ಮೊಟ್ಟೆಗೆ ಬಂದ ಮೇಲೆ, ದಿನದ ಬೆಳಕು ಹೆಚ್ಚಿದಷ್ಟೂ ಮೊಟ್ಟೆ ಹೆಚ್ಚು ಎಂದು ಬೆಳಕು ಹರಿಯುವ ಮೊದಲೇ ಶೆಡ್ಡಿನ ದೀಪ ಹಾಕತೊಡಗಿದಳು. ಕತ್ತಲೆಯ ದಿಬ್ಬದ ಮೇಲೆ ಅದೊಂದೇ ಬೆಳ್ಳಗೆ ಉರಿಯುತ್ತಿತ್ತು. ನಾನು ಬಾಗಿಲು ತೆರೆದರೆ ಅಷ್ಟೂ ತಲೆಗಳು ಒಮ್ಮೆಲೇ ನನ್ನ ಕಡೆ ತಿರುಗುತ್ತಿದ್ದವು. ಅದು ನನಗೆ ಯಾವತ್ತೂ ಅಭ್ಯಾಸವಾಗಲಿಲ್ಲ.

ದಿಬ್ಬದ ಕೆಳಗೆ ಒಬ್ಬ ಹೆಂಗಸಿನ ಮನೆ. ಹಿಂದೆ ನಮ್ಮ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು, ಉಳುವವನೇ ಒಡೆಯನೆಂಬ ಕಾನೂನು ಬಂದ ಮೇಲೆ ತಮ್ಮದೇ ಗದ್ದೆ ಮಾಡಿಕೊಂಡಿದ್ದರು. ಆಕೆ ನಾಟಿ ಕೋಳಿಗಳನ್ನು ಮಕ್ಕಳಂತೆ ಸಾಕಿದ್ದಳು. ಒಂದೊಂದಕ್ಕೂ ಒಂದೊಂದು ಗುಣ ಹೇಳುತ್ತಿದ್ದಳು. ಒಂದು ಬೆಳಿಗ್ಗೆ ಹತ್ತಿ ಬಂದು ಅಕ್ಕನಿಗೆ ಹೇಳಿದಳು: "ಅಮ್ಮಾ, ನಿಮ್ಮ ದೀಪ ನೋಡಿ ನನ್ನ ಹುಂಜ ನಡೂ ಕತ್ತಲಲ್ಲೇ ಕೂಗ್ತದೆ. ಹೊತ್ತು ತಪ್ಪಿ ಕೂಗಾದು ಒಳ್ಳೇದಲ್ಲ."

ಅಕ್ಕ ದೀಪವಿದ್ದ ಬದಿಗೆ ಗೋಣಿ ಕಟ್ಟಿಸಿದಳು. ಹುಂಜ ಕೂಗುವುದು ನಿಲ್ಲಲಿಲ್ಲ.

ಆದರೂ ಆ ವರ್ಷ ಅಕ್ಕನ ಹೆಸರು ಹೊಸನಗರದವರೆಗೂ ಹೋಯಿತು. ಸಾಗರದಿಂದ ಮೊಟ್ಟೆಯ ವ್ಯಾನು ನಮ್ಮ ಗೇಟಿನವರೆಗೆ ಬರುತ್ತಿತ್ತು. ತೀರ್ಥಹಳ್ಳಿ ಕಡೆಯ ಗೌಡರುಗಳು ಜೀಪು ಮಾಡಿಕೊಂಡು ಶೆಡ್ಡು ನೋಡಲು ಬರುತ್ತಿದ್ದರು. ಅಕ್ಕ ಅವರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿ, ಫಿನಾಯಿಲ್ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿಸದೆ ಒಳಗೆ ಬಿಡುತ್ತಿರಲಿಲ್ಲ. ಬಂದವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ. ಏಕೆಂದರೆ ದನದ ಡಾಕ್ಟರು ಮೊದಲ ದಿನವೇ ಅವಳಿಗೆ ಹೇಳಿದ್ದರು: "ನೋಡಮ್ಮ, ಹಳ್ಳಿ ಕೋಳಿಗೆ ರೋಗ ಬಂದ್ರೆ ನಾಲ್ಕು ಸಾಯ್ತವೆ, ಎರಡು ಉಳೀತವೆ. ಇಲ್ಲಿ ಒಂದಕ್ಕೆ ಬಂದ್ರೆ ಎಲ್ಲದಕ್ಕೂ ಬಂತು ಅಂತಲೇ ಲೆಕ್ಕ."

ಅವರು ಹೇಳಿದ್ದು ಕೊಕ್ಕರೆ ರೋಗದ ಮಾತು. ಅದಕ್ಕೆ ಔಷಧಿಯಿಲ್ಲ, ಮುಂಚೆಯೇ ಲಸಿಕೆ ಚುಚ್ಚಬೇಕು. ಲಸಿಕೆ ಸದಾ ಮಂಜುಗಡ್ಡೆಯ ತಂಪಿನಲ್ಲಿರಬೇಕು. ನಮ್ಮ ಸುತ್ತಲ ಹಳ್ಳಿಗಳಲ್ಲಿ ಆಗ ಫ್ರಿಜ್ಜು ಕಂಡವರೇ ಕಡಿಮೆ.

ಎರಡನೆಯ ಬೇಸಿಗೆಯಲ್ಲಿ ವ್ಯಾನಿನವನು ಮೊಟ್ಟೆ ತುಂಬಿಕೊಳ್ಳುತ್ತ, ಮಳೆಯ ಸುದ್ದಿ ಹೇಳುವಷ್ಟೇ ಸಲೀಸಾಗಿ ಹೇಳಿದ: "ಸಾಗರದ ಆಚೆ ಒಂದ್ ಶೆಡ್ ಖಾಲಿ ಆತು ನೋಡಿ. ವಾರದೊಳಗೆ ಎಲ್ಲ ಮಲಗಿಬಿಟ್ವು."

ಅಕ್ಕನ ಕೈಯಲ್ಲಿದ್ದ ಖಾಲಿ ಟ್ರೇಗಳು ಅಲ್ಲೇ ನಿಂತವು. "ಈ ಟ್ರೇ ಎಲ್ಲಿಂದ ತಂದಿದ್ದು?"

"ಎಲ್ಲ ಕಡೆದೂ ಒಟ್ಟಿಗೇ ಇರ್ತಾವಲ್ಲ. ಯಾವ್ದು ಎಲ್ಲಿದು ಅಂತ ಹೇಳಾದು ಹೆಂಗೆ?"

ಅಕ್ಕ ಟ್ರೇಗಳನ್ನು ನೆಲಕ್ಕಿಟ್ಟು, ಅಲ್ಲೇ ಸೀಮೆಎಣ್ಣೆ ಸುರಿದು ಸುಟ್ಟಳು. ವ್ಯಾನನ್ನು ಇನ್ನು ಗೇಟಿನ ಹತ್ತಿರ ತರಬೇಡವೆಂದಳು. ಅವನು ಮುಖ ಊದಿಸಿಕೊಂಡು ಹೋದ. ಹಿಂದಿನ ವಾರಗಳಲ್ಲಿ ಅವನು ಕೊಟ್ಟು ಹೋದ ಟ್ರೇಗಳು ಆಗಲೇ ಶೆಡ್ಡಿನೊಳಗಿದ್ದವು.

ಮರುದಿನ ಅವಳು ದೊಡ್ಡ ಫ್ಲಾಸ್ಕು ಹಿಡಿದು ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋದಳು. ಮರಿಗಳಿದ್ದಾಗ ಹಾಕಿಸಿದ್ದರ ಮೇಲೆ ಮತ್ತೊಂದು ಸಲ ಲಸಿಕೆ ಕೊಟ್ಟರೆ ತಡೆದೀತು ಎಂದು ಅವಳ ಆಸೆ. ಮಧ್ಯಾಹ್ನ ನಮ್ಮಲ್ಲಿ ಗಾಳಿಯೆದ್ದಿತು. ಬೇಸಿಗೆಯ ಅಡ್ಡಮಳೆ ಹೊಯ್ದು ನಿಂತಿತು. ಸಂಜೆಯ ಬಸ್ಸು ಬರಲಿಲ್ಲ. ನಾನೂ ಅಮ್ಮನೂ ಗೇಟಿನ ಹತ್ತಿರ ಕಾದು ನಿಂತೆವು. ಕೊನೆಗೆ ಹೊತ್ತು ಮುಳುಗಿದ ಮೇಲೆ ಅಕ್ಕ ಬಂದಳು. ಮಂಡಗದ್ದೆಯ ಹತ್ತಿರ ದಾರಿಗೆ ಮರ ಬಿದ್ದು ಬಸ್ಸು ನಿಂತುಬಿಟ್ಟಿತ್ತಂತೆ. ಅವಳು ಹೊಳೆಗಿಳಿದು ಸೆರಗು ನೆನೆಸಿ ತಂದು ಫ್ಲಾಸ್ಕಿಗೆ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳಂತೆ.

ಮುಚ್ಚಳ ತೆಗೆದಾಗ ಮಂಜುಗಡ್ಡೆ ಇರಲಿಲ್ಲ. ಅಕ್ಕ ಬೆರಳು ಅದ್ದಿದಳು. ನಾನೂ ಅದ್ದಿದೆ. ನೀರು ತಣ್ಣಗಿತ್ತು ಎನ್ನುವಂತಿರಲಿಲ್ಲ. ಲಸಿಕೆಯ ಶೀಶೆಗಳು ಅದರಲ್ಲಿ ತೇಲುತ್ತಿದ್ದವು.

"ಕೊಡಾದಾ?" ಎಂದೆ.

"ಡಾಕ್ಟ್ರನ್ನ ಕೇಳಾನ ಅಂದ್ರೆ ಅವ್ರು ಹೊಸನಗರಕ್ಕೆ ಹೋಗ್ಯಾರೆ. ಬೇರೆ ಔಷಧಿ ಸಿಗಾಕೆ ವಾರ ಆಗ್ತದಂತೆ." ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹಾಕುತ್ತ ಹೇಳಿದಳು: "ಔಷಧಿ ಸತ್ತಿದ್ರೆ ನೀರು ಚುಚ್ಚಿದಂಗೆ. ಬದುಕಿದ್ರೆ ಅವೂ ಬದುಕ್ತಾವೆ. ಸುಮ್ನೆ ಕೂರಾಕೆ ಆಗಲ್ಲ ಕಣೆ."

ಶೀಶೆಗಳನ್ನು ಬಾವಿಯ ನೀರಿನಲ್ಲಿ ಇಳಿಬಿಟ್ಟು, ಬೆಳಗಾದ ಕೂಡಲೇ ಶುರು ಮಾಡಿದೆವು. ನಾನು ಹಿಡಿಯುವುದು, ಅಮ್ಮ ರೆಕ್ಕೆ ಎತ್ತುವುದು, ಅಕ್ಕ ಚುಚ್ಚುವುದು. ಅಮ್ಮ ಶೆಡ್ಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಸಂಜೆಗೆ ಮೂವರ ಕೈಯೂ ಗೀರುಗಳಿಂದ ಉರಿಯುತ್ತಿತ್ತು.

ಆಮೇಲೆ ಕಾಯುವ ದಿನಗಳು. ಕೋಳಿಗಳು ತಿನ್ನುತ್ತಿದ್ದವು, ಮೊಟ್ಟೆ ಇಡುತ್ತಿದ್ದವು. ಅಕ್ಕ ದಿನಕ್ಕೆ ಎಷ್ಟೋ ಸಲ ಹೋಗಿ ಹೊಟ್ಟಿನ ಮೇಲೆ ಕೂತು ಹಿಕ್ಕೆ ನೋಡುತ್ತಿದ್ದಳು, ಉಸಿರು ಕೇಳುತ್ತಿದ್ದಳು. ಏನೂ ಆಗುತ್ತಿಲ್ಲವಲ್ಲ ಎನ್ನುವುದೇ ನಮಗೆ ಭಯವಾಗತೊಡಗಿತು. ಊಟಕ್ಕೆ ಕೂತರೆ ಅವಳ ಕಿವಿ ದಿಬ್ಬದ ಕಡೆಗೇ ಇರುತ್ತಿತ್ತು.

ಒಂದು ಬೆಳಿಗ್ಗೆ ನಾನು ಗೂಡಿಗೆ ಕೈ ಹಾಕಿದಾಗ ಮೆತ್ತಗಿನದೇನೋ ಸಿಕ್ಕಿತು. ಚಿಪ್ಪಿಲ್ಲದ ಮೊಟ್ಟೆ. ಬರೀ ಪೊರೆಯೊಳಗೆ ಹಳದಿ ಅಲುಗುತ್ತಿತ್ತು. ಪಕ್ಕದ ಗೂಡಿನಲ್ಲೂ ಅದೇ. ನಾನು ಅಕ್ಕನನ್ನು ಕೂಗಿದೆ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, "ಬಂತು" ಎಂದಳು. ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಕೋಳಿಗಳು ಬಾಯಿ ತೆರೆದು ಉಸಿರೆಳೆಯತೊಡಗಿದವು. ಹಿಕ್ಕೆ ಹಸಿರಾಯಿತು. ಕೆಲವು ಕತ್ತನ್ನು ತಿರುಚಿ ಆಕಾಶ ನೋಡುವಂತೆ ನಿಂತು, ಹಿಂದಕ್ಕೆ ಹೆಜ್ಜೆಯಿಡುತ್ತ ಬೀಳುತ್ತಿದ್ದವು. ಸದ್ದೇ ಇರಲಿಲ್ಲ. ಅಷ್ಟು ಜೀವಗಳು ಸಾಯುವಾಗ ಗಲಾಟೆ ಇರುತ್ತದೆ ಎಂದುಕೊಂಡಿದ್ದೆ; ಕೇಳಿಸುತ್ತಿದ್ದುದು ಗೊರಗೊರ ಉಸಿರು ಮಾತ್ರ. ಡಾಕ್ಟರು ಬಂದು ಸತ್ತದ್ದೊಂದನ್ನು ಕೊಯ್ದು ಹೊಟ್ಟೆಯೊಳಗಿನ ಕೆಂಪು ಚುಕ್ಕೆಗಳನ್ನು ತೋರಿಸಿದರು.

"ಇಂಜೆಕ್ಷನ್ನು ಹಾಳಾಗಿತ್ತಾ ಸಾರ್?" ಎಂದು ಅಕ್ಕ ಕೇಳಿದಳು.

"ಇರಬಹುದು. ಅದಕ್ಕೂ ಮೊದಲೇ ರೋಗ ಒಳಗೆ ಬಂದಿರಲೂಬಹುದು. ಟ್ರೇ, ಕಾಗೆ, ನಮ್ಮದೇ ಕಾಲು... ಇನ್ನು ಅದನ್ನ ಕಂಡುಹಿಡಿಯೋಕೆ ಆಗಲ್ಲಮ್ಮ. ಗುಂಡಿ ತೋಡಿಸಿ. ಸುಣ್ಣ ಹಾಕಿ ಮುಚ್ಚಿ. ಉಳಿದಿರೋದನ್ನೂ ಇಟ್ಕೋಬೇಡಿ."

ಚಿಕ್ಕಪ್ಪ ಆಳುಗಳಿಂದ ಗುಂಡಿ ತೋಡಿಸಿದರು. ಬದುಕಿದ್ದವುಗಳ ಕತ್ತನ್ನು ಅಕ್ಕ ತಾನೇ ಮುರಿದಳು. ಬೇರೆ ಯಾರಿಗೂ ಬಿಡಲಿಲ್ಲ, ನನ್ನನ್ನು ಹತ್ತಿರಕ್ಕೂ ಸೇರಿಸಲಿಲ್ಲ. ಹೊಟ್ಟಿಗೆ ಬೆಂಕಿ ಹಾಕಿದಾಗ ಹೊಗೆ ಮೇಲೇಳದೆ ದಿಬ್ಬವಿಳಿದು ಕೆಳಗಿನ ಮನೆಗಳ ಮೇಲೆ ಕೂತಿತು.

ನಾಲ್ಕಾರು ದಿನದ ಮೇಲೆ ಕೆಳಗಿನ ಮನೆಯ ಹೆಂಗಸು ಬಂದಳು. ಸೆರಗಿನಲ್ಲಿ ಒಂದು ಹೇಂಟೆ. ಅದರ ಕತ್ತು ತಿರುಚಿಕೊಂಡಿತ್ತು.

"ಇದಕ್ಕೆ ಎಂತಾದ್ರೂ ಕೊಡಿ ಅಮ್ಮಾ."

ಅಕ್ಕ ಅದನ್ನು ನೋಡಿದಳು. "ಇದಕ್ಕೆ ಔಷಧಿ ಇಲ್ಲ ಮಾರಾಯ್ತಿ."

"ನಿಮ್ಮ ಹತ್ರ ಇಲ್ದೇ ಇರತ್ತಾ? ಸೂಜಿ, ಶೀಶೆ ಎಲ್ಲ ಇತ್ತಲ್ಲ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅದನ್ನು ಕೇಳಿಸಿಕೊಳ್ಳಲು ಆಗಲಿಲ್ಲ. ಅಕ್ಕ ಕೈ ಚಾಚಿದರೆ ಆಕೆ ಕೋಳಿಯನ್ನು ಕೊಡಲಿಲ್ಲ. ಹಾಗೇ ಸೆರಗು ಮುಚ್ಚಿಕೊಂಡು ಇಳಿದುಹೋದಳು.

ಮಳೆ ಹಿಡಿಯುವ ಮೊದಲೇ ಊರಿನ ಎಲ್ಲ ಕೋಳಿ ಒಡ್ಡಿಗಳೂ ಖಾಲಿಯಾದವು. ಬೆಳಿಗ್ಗೆ ಎದ್ದರೆ ಕೋಳಿ ಕೂಗಿಲ್ಲ, ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿರಲಿಲ್ಲ. ಬಾವಿಕಟ್ಟೆಯ ಹತ್ತಿರ ನಾವು ಹೋದರೆ ಹೆಂಗಸರು ಕೊಡ ತುಂಬಿಕೊಂಡು ಹೊರಡುತ್ತಿದ್ದರು. ಆಗಲೇ ಊರು ಕಾಯುವ ಭೂತಕ್ಕೆ ಹುಂಜ ಕೊಡುವ ದಿನ ಹತ್ತಿರ ಬಂತು. ಗದ್ದೆಗಿಳಿಯುವ ಮುಂಚೆ ಅದು ಆಗಲೇಬೇಕು. ಕೊಡಲು ಊರಲ್ಲಿ ಹುಂಜವಿಲ್ಲ.

ಹಿರಿಯರು ನಮ್ಮ ಅಂಗಳಕ್ಕೆ ಬಂದು ನಿಂತರು. ಕೂರಲಿಲ್ಲ. ಅಮ್ಮ ಕೊಟ್ಟ ಕಾಫಿಯನ್ನೂ ಮುಟ್ಟಲಿಲ್ಲ. ಅವರಲ್ಲಿ ವಯಸ್ಸಾದವರೊಬ್ಬರು ಅಕ್ಕನನ್ನು ನೋಡದೆ, ಕಂಬವನ್ನು ನೋಡುತ್ತ ಹೇಳಿದರು: "ಯಾರ ತಪ್ಪು ಅಂತ ಹೇಳಾಕೆ ಬಂದಿಲ್ಲ. ಆದ್ರೆ ಈ ವರ್ಷ ತಪ್ಪಿದ್ರೆ ಮುಂದೆ ಆಗೋದಕ್ಕೆ ಊರು ನಿಮ್ಮನ್ನೇ ಕೇಳ್ತದೆ."

"ನಾನು ತರ್ತೀನಿ" ಎಂದಳು ಅಕ್ಕ.

ಡಾಕ್ಟರು ಹೊರಗಿನ ಕೋಳಿ ಊರೊಳಗೆ ತರಬೇಡಿ ಎಂದಿದ್ದರು. ಆದರೂ ಅಕ್ಕ ಹೊಸನಗರದಾಚೆ, ನಗರವೆಂಬ ಊರಿನ ಕಡೆಯ ನೆಂಟರ ಮನೆಗೆ ಹೋದಳು. ಅಲ್ಲಿಗೆ ರೋಗ ಮುಟ್ಟಿರಲಿಲ್ಲ. ಭೂತಕ್ಕೆ ಕೊಡುವ ದಿನವೇ ಬೆಳಿಗ್ಗೆ ಬಂದಿಳಿದಳು. ಬುಟ್ಟಿಗೆ ಗೋಣಿ ಸುತ್ತಿ, ಎಲ್ಲೂ ನೆಲಕ್ಕಿಡದೆ ತಲೆಯ ಮೇಲೆ ಹೊತ್ತು ನಡೆದಳು. ಊರ ನಡುವೆ ಬಂದಾಗ ಬುಟ್ಟಿಯೊಳಗಿನ ಹುಂಜ ಕೂಗಿತು. ಬಹಳ ದಿನದ ಮೇಲೆ ಕೇಳಿದ ಕೂಗು. ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಕೆಳಗಿನ ಮನೆಯ ಹೆಂಗಸು ಕಣ್ಣೊರೆಸಿಕೊಂಡು "ಈಗ ಬೆಳಗಾದಂಗಾತು" ಎಂದಳು. ಸ್ವಲ್ಪ ಹೊತ್ತಿಗೆ ಭೂತದ ಕಟ್ಟೆಯ ಮುಂದೆ ಆ ಕೂಗೂ ನಿಂತಿತು. ಆ ಸಲ ಹುಂಜದ ಪಾಲನ್ನು ಹಂಚಿದರು. ನಮ್ಮ ಮನೆಗೂ ಎಲೆಯಲ್ಲಿ ಕಟ್ಟಿ ಕಳಿಸಿದರು. ಅಮ್ಮ ಬೇಯಿಸಿದಳು. ಅಕ್ಕ ತಿನ್ನಲಿಲ್ಲ.

ಅವಳು ಮನೆಯೊಳಗೆ ಕೂತುಬಿಡುತ್ತಾಳೆ ಎಂದು ನಾನು ಹೆದರಿದ್ದೆ. ಆದರೆ ಮಳೆಗಾಲವಿಡೀ ಶೆಡ್ಡನ್ನು ಖಾಲಿ ಬಿಟ್ಟು, ದೀವಳಿಗೆ ಕಳೆದ ಮೇಲೆ ನೆಲ ಸುಟ್ಟು, ಸುಣ್ಣ ಬಳಿದು ಮತ್ತೆ ಮರಿ ತರಿಸಲು ಹೊರಟಳು. ಅದಕ್ಕೂ ಮೊದಲು ಡಾಕ್ಟರನ್ನು ಒಪ್ಪಿಸಿ, ಜೀಪಿನಲ್ಲಿ ಮಂಜುಗಡ್ಡೆಯ ಡಬ್ಬಿ ತರಿಸಿ, ಊರಿನವರು ಅಲ್ಲಿ ಇಲ್ಲಿಂದ ತಂದು ಸಾಕಲು ಶುರುಮಾಡಿದ್ದ ನಾಟಿ ಕೋಳಿಗಳಿಗೆಲ್ಲ ಲಸಿಕೆ ಹಾಕಲು ಮನೆಮನೆಗೆ ಹೋದಳು. ಕೆಲವರು ನಮ್ಮನ್ನು ಅಂಗಳಕ್ಕೂ ಬಿಡಲಿಲ್ಲ. ಕೆಳಗಿನ ಮನೆಯ ಹೆಂಗಸು ಸ್ವಲ್ಪ ಹೊತ್ತು ಸೂಜಿಯನ್ನೇ ನೋಡುತ್ತ ನಿಂತಿದ್ದಳು. ಕೊನೆಗೆ ಒಡ್ಡಿಗೆ ಕೈ ಹಾಕಿ ಒಂದು ಸಣ್ಣ ಹೇಂಟೆಯನ್ನು ಎತ್ತಿ ಹಿಡಿದು, "ಬೇಗ ಮಾಡಿ, ಹೆದರ್ತದೆ" ಎಂದಳು.

ಮರುವರ್ಷ ನನ್ನ ಮದುವೆಯಾಗಿ ನಾನು ಸಾಗರಕ್ಕೆ ಬಂದೆ. ಅಕ್ಕನ ಶೆಡ್ಡು ಆ ದಶಕ ಮುಗಿಯುವವರೆಗೂ ನಡೆಯಿತು. ದೊಡ್ಡದಾಯಿತು, ಪಕ್ಕಕ್ಕೆ ಇನ್ನೊಂದು ಎದ್ದಿತು. ರೋಗ ಮತ್ತೆ ಅಲ್ಲಿಗೆ ಬರಲಿಲ್ಲ. ಬರಲಿಲ್ಲವೆಂದು ಅಕ್ಕ ನಿಶ್ಚಿಂತಳಾದದ್ದನ್ನು ಮಾತ್ರ ನಾನು ಕಾಣಲಿಲ್ಲ. ತವರಿಗೆ ಹೋದಾಗ ಬೆಳಿಗ್ಗೆ ಅವಳ ಜೊತೆ ದಿಬ್ಬ ಹತ್ತುತ್ತಿದ್ದೆ. ಬಾಗಿಲ ಚಿಲಕದ ಮೇಲೆ ಕೈಯಿಟ್ಟು, ತೆಗೆಯದೆ, ಒಳಗಿನ ಸದ್ದು ಕೇಳುತ್ತ ನಿಂತುಬಿಡುತ್ತಿದ್ದಳು. ನಾನು ಏನಾದರೂ ಹೇಳಹೋದರೆ ಇನ್ನೊಂದು ಕೈ ಎತ್ತಿ ಸುಮ್ಮನಿರಿಸುತ್ತಿದ್ದಳು.