ಕಳೆದುಹೋದ 'ಬಾಸ್'

ನಂಬಬೇಡಿ, ನೋಡೋಣ. ಎಪ್ಪತ್ತೊಂದನೇ ವಯಸ್ಸಿನಲ್ಲಿ ನಾನು ಹಠ ಹಿಡಿದು, ಕಳೆದುಕೊಂಡಿದ್ದ ಒಂದು ಪದವನ್ನು ಮುಂಬೈಯಿಂದ ವಾಪಸ್ ಕಸಿದುಕೊಂಡೆ.

ಈ ಊರಲ್ಲಿ ಗಂಡಸಿಗೆ ಹೆಸರು ಬೇಕಿಲ್ಲ, 'ಬಾಸ್' ಸಾಕು. ದಾರಿ ಕೇಳುವ ರಿಕ್ಷಾದವನಿಗೂ ನೀವು ಬಾಸ್, ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ತೂರುವವನಿಗೂ ಬಾಸ್. ಜಗಳ ಶುರುವಾಗುವುದೂ ಆ ಪದದಿಂದಲೇ, ರಾಜಿಯಾಗುವುದೂ ಅದರಿಂದಲೇ. ಧಾರವಾಡದಿಂದ ಬಂದ ಮೇಲೆ ನಲವತ್ತು ವರ್ಷ ನಾನೂ ಬಾಸ್ ಆಗಿದ್ದೆ, ಕೈಕೆಳಗೆ ಒಬ್ಬ ಪ್ಯೂನ್ ಕೂಡ ಇಲ್ಲದೆ.

ಒಂದು ಬೆಳಿಗ್ಗೆ ಗೋರೆಗಾಂವ್‌ನಲ್ಲಿ ಲೋಕಲ್ ಹತ್ತುವಾಗ ಒಬ್ಬನ ಕಾಲು ತುಳಿದೆ. 'ಏ ಬಾಸ್' ಎಂದು ಸಿಡಿದು ತಿರುಗಿದವನು ನನ್ನ ಬಿಳಿ ತಲೆ ನೋಡಿ, 'ಸಾರಿ ಅಂಕಲ್' ಎಂದ. ತುಳಿದವನು ನಾನು, ಸಾರಿ ಅವನದು. ಮನೆಗೆ ಬಂದು ಹೇಳಿದರೆ ಹೆಂಡತಿ ನಕ್ಕಳು.

"ಅಂಕಲ್ ಅಂದ್ರ ಮರ್ಯಾದಿ ಅಲ್ಲೇನ್ರೀ?"

"ಎಲ್ಲೀ ಮರ್ಯಾದಿ? ಜಗಳಾಡಾಕೂ ಲಾಯಕ್ ಇಲ್ಲಂತ ಬಿಟ್ಟುಬಿಟ್ಟಾನ."

ಅದೇ ವಾರ ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಕೇರಂ ಪಂದ್ಯದ ನೋಟಿಸ್ ಅಂಟಿತು. ಆಡುವವರ ಪಟ್ಟಿ ಒಂದು. ಶಾಲು, ತೆಂಗಿನಕಾಯಿ ಕೊಟ್ಟು ಕುರ್ಚಿಯಲ್ಲಿ ಕೂರಿಸುವ ಅಂಕಲ್‌ಗಳ ಪಟ್ಟಿ ಇನ್ನೊಂದು. ನಾನು ಎರಡನೆಯದರಲ್ಲಿದ್ದೆ. ನನ್ನ ಹೆಸರು ಹೊಡೆದುಹಾಕಿ, ಆ ಜಾಗದಲ್ಲಿ ಸೊಸೈಟಿ ಸೆಕ್ರೆಟರಿಯ ಹೆಸರು ಬರೆದೆ. ಆತ ತಿಂಗಳಿಗೆರಡು ಸಲ ತಲೆಗೆ ಡೈ ಹಾಕುವ ಮನುಷ್ಯ. ಕೆಂಡವಾಗಿ ಬಂದ. ನಿಮ್ಮ ಹೆಸರು ಅಳಿಸಬೇಕಾದರೆ ನನ್ನದನ್ನು ಆಡುವವರಲ್ಲಿ ಸೇರಿಸಿ ಎಂದೆ. ಸೇರಿಸಿದ.

ಮೊದಲ ಆಟವೇ ಹೋದ ವರ್ಷ ಗೆದ್ದವನ ಜೊತೆ ಬಿತ್ತು. ಮೂರನೇ ಮಹಡಿಯ ವಿಜಯಪುರದವರ ಮಗ, ಬ್ಯಾಂಕಿನಲ್ಲಿ ನೌಕರಿ. ಇಲ್ಲೇ ಹುಟ್ಟಿ ಬೆಳೆದವನ ಕನ್ನಡ ಅರ್ಧ ಹಿಂದಿ. ಕಣ್ಣು ಮುಚ್ಚಿ ಹಾಕಬಹುದಾದ ಕಾಯಿನ್‌ಗಳನ್ನೂ ಬೇಕೆಂದೇ ತಪ್ಪಿಸುತ್ತಿದ್ದ. ಅಷ್ಟರಲ್ಲಿ ನನ್ನ ಸ್ಟ್ರೈಕರ್ ಪಾಕೆಟ್‌ಗೆ ಬಿತ್ತು. ಹಾಗೆ ಬಿದ್ದರೆ ಗಳಿಸಿದ ಒಂದು ಕಾಯಿನ್ ವಾಪಸ್ ಇಡಬೇಕು, ಸರದಿಯೂ ಹೋಗುತ್ತದೆ.

"ಚಲ್ತಾ ಹೈ ಅಂಕಲ್, ಮತ್ತ ಹೊಡೀರಿ," ಎಂದ.

ನಾನು ಕಾಯಿನ್ ತೆಗೆದು ಬೋರ್ಡಿನ ನಡುವೆ ಇಟ್ಟೆ. "ಬಿಟ್ಟುಕೊಟ್ರ ಎದ್ದು ಹೋಗ್ತೀನಿ ನೋಡಪಾ. ಆಡೋದಿದ್ರ ಆಡು."

ಅವನು ಅಂಗಿಯ ತೋಳು ಮಡಚಿದ. ಆಮೇಲೆ ಶುರುವಾದದ್ದೇ ಆಟ. ಅವನ ಹೊಡೆತಕ್ಕೆ ಕೆಂಪು ಕ್ವೀನ್ ಹೋಯಿತು, ಅದರ ಬೆನ್ನಿಗೇ ನಾಲ್ಕು ಕಾಯಿನ್ ಹೋದವು. ನಾನೂ ಹಲ್ಲು ಕಚ್ಚಿ ಒಂದೇ ಸರದಿಯಲ್ಲಿ ಮೂರು ಹಾಕಿದೆ. ಮುಂದಿನ ಸರದಿಯಲ್ಲಿ ಸ್ಟ್ರೈಕರನ್ನು ಮೆಲ್ಲಗೆ ಗೆರೆಗಿಂತ ಎರಡು ಬೆರಳು ಮುಂದಿಟ್ಟೆ. ಕಣ್ಣು ಕಾಣದೆ ಅಲ್ಲ, ಹಿಡಿಯುತ್ತಾನೋ ಬಿಡುತ್ತಾನೋ ನೋಡೋಣ ಅಂತ.

"ಬಾಸ್," ಎಂದ ಅವನು, ಬೋರ್ಡಿನಿಂದ ತಲೆ ಎತ್ತದೆ. "ಸ್ಟ್ರೈಕರ್ ಹಿಂದ ತಗೀರಿ. ಚೀಟಿಂಗ್ ನಹೀ."

ತೆಗೆದೆ. ಜನ್ಮದಲ್ಲಿ ಯಾರಿಗೂ ಇಷ್ಟು ವಿಧೇಯನಾಗಿರಲಿಲ್ಲ. ಕೊನೆಗೆ ಒಂದೇ ಒಂದು ಕಾಯಿನ್ ಉಳಿಸಿಕೊಂಡು ಸೋತೆ, ಎದ್ದು ಕೈ ಕುಲುಕಿದೆ.

ಇದರಲ್ಲಿ ಒಂದು ಮಾತು ಮಾತ್ರ ಸುಳ್ಳು. ಬೋರ್ಡಿನ ಮೇಲೆ ಉಳಿದಿದ್ದ ನನ್ನ ಕಾಯಿನ್ ಒಂದಲ್ಲ, ಐದು.