ಸಲಾಕೆಯ ತಲೆಯ ಮೇಲಿನ ಅಕ್ಷರ

ಮೊನ್ನೆ ಇಳಕಲ್ಲಿನ ಕಲ್ಲು ಕ್ವಾರಿಯ ಮಗ್ಗುಲಿಂದ ಹಾಯ್ದು ಬರುವಾಗ ಯಾರೋ ಕೆಂಪಗೆ ಕಾಯ್ದ ಉಳಿಯನ್ನು ನೀರಿಗೆ ಅದ್ದಿದರು. ಚುಂಯ್ ಎಂದು ಹಬೆ ಎದ್ದಿತು. ಸುಟ್ಟ ಕಬ್ಬಿಣಕ್ಕೆ ಒಂದು ವಾಸನೆ ಇರುತ್ತದಲ್ಲ, ನಾಲಗೆಯ ಮೇಲೆ ರುಚಿಯ ಹಾಗೆ ಕೂತುಬಿಡುವಂಥದ್ದು... ಹೊರಟ ಕೆಲಸ ಮರೆತು ನಾನು ಅಲ್ಲೇ ನಿಂತೆ. ಐವತ್ತು ವರ್ಷದ ಹಿಂದೆ ಹುನಗುಂದದಲ್ಲಿ ನಮ್ಮ ಓಣಿಯ ತುದಿಗೆ ಒಂದು ಕುಲುಮೆ ಇತ್ತು. ಅಲ್ಲಿ ಬರುತ್ತಿದ್ದದ್ದು ಇದೇ ವಾಸನೆ.

ನಾನಾಗ ಸಾಲೆಗೆ ಹೊಸದಾಗಿ ಸೇರಿದ ಮಾಸ್ತರ. ಕುಲುಮೆಯವನು ನನಗಿಂತ ಹತ್ತು ವರ್ಷ ಹಿರಿಯ. ನಾನು ಅವನನ್ನು ಕಂಬಾರಣ್ಣ ಎನ್ನುತ್ತಿದ್ದೆ. ಊರವರು ಬೆಕ್ಕಿನ ಕಣ್ಣಿನ ಕಂಬಾರ ಎನ್ನುತ್ತಿದ್ದರು. ಕಣ್ಣು ಹಾಗೇ ಇದ್ದವು, ಹಸಿರಿನ ಛಾಯೆಯವು. ಬಿಸಿಲಿಗೆ ನಿಂತರೆ ಕೂದಲು ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು. ಮನುಷ್ಯ ಒಂದು ಗಳಿಗೆ ಸುಮ್ಮನೆ ಕೂತದ್ದನ್ನು ನಾನು ನೋಡಲಿಲ್ಲ. ಸುತ್ತಿಗೆ ಬೀಸುವಾಗಲೂ ಯಾರೋ ಬರುವವರಿದ್ದಾರೆ ಎನ್ನುವ ಹಾಗೆ ರಸ್ತೆಯ ಕಡೆಗೇ ನೋಡುತ್ತಿದ್ದ.

ಅವನ ತಂದೆ ಐರ್ಲೆಂಡಿನವನು. ಇಳಕಲ್ಲಿನ ಆಚೆ ನಿಜಾಮನ ಸೀಮೆಯಲ್ಲಿ ಆಗ ಒಂದು ಚಿನ್ನದ ಗಣಿ ನಡೆದಿತ್ತು. ಬಂಡೆಗೆ ತೂತು ಹೊಡೆಯುವ ಉಕ್ಕಿನ ಸಲಾಕೆಗಳನ್ನು ಹರಿತ ಮಾಡುವುದು ಆ ಸಾಹೇಬನ ಕೆಲಸ. ಹುನಗುಂದದಿಂದ ಅಲ್ಲಿಗೆ ಅದಿರು ಒಡೆಯಲು ಹೋದವಳು ಕಂಬಾರಣ್ಣನ ತಾಯಿ. ಕೂಲಿಯವರ ನಾಲ್ಕು ಮಂದಿಯ ಮುಂದೆ ಸಾಹೇಬ ಅವಳ ಕೊರಳಿಗೆ ತಾಳಿ ಕಟ್ಟಿದನಂತೆ. ಮಗ ಐದು ವರ್ಷದವನಿದ್ದಾಗ ಗಣಿ ಮುಚ್ಚುವ ಗದ್ದಲ ಎದ್ದಿತು. ಆ ಗದ್ದಲದಲ್ಲೇ ಒಂದು ದಿನ ಸಾಹೇಬ ಮನೆಗೆ ಬರಲಿಲ್ಲ. ಒಳಗೆ ಮಣ್ಣು ಕುಸಿದು ಸತ್ತನೆಂದು ಕೆಲವರು, ಹಡಗು ಹತ್ತಿದನೆಂದು ಕೆಲವರು. ಕಚೇರಿಯವರು ಕಾಗದಪತ್ರ ಕಟ್ಟಿಕೊಂಡು ಹೋಗಿಯಾಗಿತ್ತು. ಖರೆ ಏನೆಂದು ಹೇಳುವವರೇ ಉಳಿಯಲಿಲ್ಲ.

ಮಗನನ್ನು ಕಟ್ಟಿಕೊಂಡು ಊರಿಗೆ ಮರಳಿದ ಆ ತಾಯಿ ಇಪ್ಪತ್ತೈದು ವರ್ಷ ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ ಬಿಡಲಿಲ್ಲ. ಓಣಿಯ ಹೆಂಗಸರು ಹಿಂದಿನಿಂದ ನಗುತ್ತಿದ್ದರು. ಅವಳ ಎದೆಯಲ್ಲಿ ಗಣಿಯ ಧೂಳು ಕೂತು ಕೆಮ್ಮು ಹತ್ತಿತ್ತು. ನಾನು ಹೋದಾಗಲೆಲ್ಲ ಗಂಡನ ಮಾತು ತೆಗೆಯುತ್ತಿದ್ದಳು.

“ಇಂಗ್ಲಿಷರವ ಅಂದ್ರ ಮೈಮ್ಯಾಲೆ ಬರ್ತಿದ್ನಪಾ ಮಾಸ್ತರ. ಐರಿಶ್, ಐರಿಶ್ ಅಂತ ಎದಿ ಬಡಕೋತಿದ್ದ. ಅವ್ರ ಮನ್ಯಾಗ ಅಪ್ಪ, ಅಜ್ಜ ಎಲ್ಲಾರೂ ಭೂಮಿ ಒಳಗ ಇಳದ ದುಡದವ್ರಂತ.”

“ಹೆಸರೇನ್ ಬೇ ಅವರದು?”

“ಗಂಡನ ಹೆಸರು ಬಾಯಿಲೆ ಹೆಂಗ ಹೇಳಲಿ? ಹೇಳಬಾರದು ಹೇಳಬಾರದು ಅಂತ... ಈಗ ನೆನಪ ಮಾಡಕೊಂಡ್ರೂ ಬರವಲ್ದು.”

ಬಾದಾಮಿ ಕಡೆಗೆ ಬಂದಿದ್ದ ಒಬ್ಬ ಬಿಳಿ ಪಾದ್ರಿ, ಹೆಸರು ತಂದರೆ ಆ ದೇಶಕ್ಕೆ ಕಾಗದ ಬರೆದು ಕೇಳುತ್ತೇನೆ ಎಂದಿದ್ದ. ಅಂದಿನಿಂದ ಕಂಬಾರಣ್ಣನಿಗೆ ಊಟ ಸೇರುತ್ತಿರಲಿಲ್ಲ. ತಾಯಿ ಕೆಮ್ಮಿನ ನಡುವೆ ದಿನಾ ಒಂದೇ ಮಾತು ಕೇಳುತ್ತಿದ್ದಳು: “ನಾ ಮುತ್ತೈದಿಯಾಗಿ ಸಾಯ್ಬೇಕೋ, ಮುಂಡಿಯಾಗಿ ಸಾಯ್ಬೇಕೋ? ಅದೊಂದ ತಿಳದ ಹೇಳೋ ಮಗನ.”

ಅಂಥದರಲ್ಲಿ ಗಣಿಯಲ್ಲಿ ದುಡಿದಿದ್ದ ಮುದುಕನೊಬ್ಬ ಮೊಂಡಾದ ಕೊಡಲಿ ಹಣಿಸಲು ಬಂದವನು ಒಂದು ಮಾತು ಆಡಿಹೋದ. ಗಣಿಯ ಸಲಾಕೆಗಳ ತಲೆಯ ಹತ್ತಿರ ಇಂಗ್ಲಿಷ್ ಅಕ್ಷರ ಹೊಡೆದಿರುತ್ತಿದ್ದವು, ಅವು ನಿಮ್ಮಪ್ಪನ ಹೆಸರೇ ಇರಬೇಕು ಎಂದ.

ಕಂಬಾರಣ್ಣನ ಕೈಯಿಂದ ಇಕ್ಕಳ ಜಾರಿಬಿತ್ತು.

ಯಾಕೆಂದರೆ ಗಣಿಯವರು ಮಾರಿದ ಸಲಾಕೆಗಳು ಗಾಡಿಗಟ್ಟಲೆ ಈ ಸೀಮೆಗೆ ಬಂದಿದ್ದವು. ಒಳ್ಳೆ ಉಕ್ಕೆಂದು ಅವನ್ನು ಹುಡುಕಿ ಹುಡುಕಿ ಕೊಂಡವನು ಇವನೇ. ಏಟು ತಿಂದು ತಿಂದು ಸಲಾಕೆಯ ತಲೆ ಅಣಬೆಯ ಹಾಗೆ ಅರಳಿ ಬಿರಿದಿರುತ್ತದೆ. ಬಿರುಕು ಕೆಳಗಿಳಿಯಬಾರದೆಂದು ಕಂಬಾರನಾದವನು ಮೊದಲು ತಲೆಯನ್ನೇ ಕಡಿಯುತ್ತಾನೆ. ಉಳಿದದ್ದರಲ್ಲಿ ಕುಡಗೋಲು, ಉಳಿ, ಕುಂಟೆಯ ಕುಡ. ಕಡಿದ ತುಂಡುಗಳನ್ನು ಇವನು ಎತ್ತಿನ ಲಾಳ ಮಾಡಿದ್ದ. “ಮಾಸ್ತರ, ನಮ್ಮಪ್ಪನ ಹೆಸರು ನಾನ ಬಡದ ಹಾಕೇನ್ರಿ. ಬಾಗಲಕೋಟಿ ತನಕ ಎತ್ತು ತುಳಕೋತ ಹೊಂಟಾವು” ಎಂದು ನನ್ನ ಮುಂದೆ ಕೂತು ತಲೆ ಚಚ್ಚಿಕೊಂಡ.

ಆಮೇಲೆ ಸುರುವಾಯಿತು ತಿರುಗಾಟ. ಸಂತೆಯಿಂದ ಸಂತೆಗೆ ಹೋಗಿ ಎತ್ತಿನ ಗೊರಸು ಎತ್ತಿ ನೋಡುವುದು. ಲಾಳದಲ್ಲಿ ಅಕ್ಷರ ಉಳಿಯುವುದಿಲ್ಲವೆಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರು? ಆದರೂ ನೋಡುತ್ತಿದ್ದ. “ಎತ್ತಿನ ಕಾಲ ಬಿಡಲೇ, ಒದ್ದರ ನಿಮ್ಮಪ್ಪನ ಕಡೇನ ಹೊಕ್ಕೀ!” ಎಂದು ರೈತರು ಚಾಷ್ಟಿ ಮಾಡುತ್ತಿದ್ದರು. ಅವನೂ ಜೊತೆಗೆ ನಕ್ಕು ಮುಂದಿನ ಎತ್ತಿಗೆ ಹೋಗುತ್ತಿದ್ದ.

ಕಡೆಗೆ ನಾನೂ ಜೊತೆಗೆ ಹೋಗಿದ್ದ ಒಂದು ಆದಿತ್ಯವಾರ ಕಮತಗಿಯ ಸಾಬರ ಮನೆಯೊಂದರಲ್ಲಿ ತಲೆ ಕಡಿಯದ ಸಲಾಕೆ ಸಿಕ್ಕಿತು. ಬಾವಿಯ ರಾಟೆಗೆ ಅಚ್ಚಾಗಿ ಹಾಕಿದ್ದರು. ಅದನ್ನು ಬಿಚ್ಚಲೇ ಎಂದು ಇವನು ಕೇಳಿದಾಗ ಆ ಮನೆಯ ಅಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಯಾಕೋ ಯಪ್ಪಾ, ಏನೈತಿ ಅದ್ರಾಗ?”

“ನಮ್ಮಪ್ಪ ಅದಾನ್ರೀ ಅಮ್ಮಾ.”

“ಯಾ ಅಲ್ಲಾ! ಇಷ್ಟ ದಿನ ನಿಮ್ಮಪ್ಪನ ಕೊರಳಿಗೆ ಹಗ್ಗ ಹಾಕಿ ನೀರ ಸೇದೇವಿ ಅನ್ನು. ಬಿಚ್ಚು, ಬಿಚ್ಚು. ಖರೆ ಬ್ಯಾರೆ ಅಚ್ಚು ಹಾಕಿ ಹೋಗಪಾ, ಇಲ್ಲಂದ್ರ ನಮ್ಮ ಎಮ್ಮಿಗೋಳಿಗೆ ನೀರಿಲ್ಲ.”

ಬೇರೆ ಅಚ್ಚು ಕೂಡಿಸಿದ ಮೇಲೆ ಅವನು ಸಲಾಕೆಯ ತಲೆಯನ್ನು ಬೂದಿ ಹಚ್ಚಿ ತಿಕ್ಕಿದ. ಅಕ್ಷರ ಎದ್ದವು. “ಓದ್ರಿ ಮಾಸ್ತರ” ಎಂದ.

ನಾನು ಓದಿದೆ. ಮತ್ತೊಮ್ಮೆ ಓದಿದೆ. ಒಂದು ಕಂಪನಿಯ ಹೆಸರು, ಅದರ ಕೆಳಗೆ ಶೆಫೀಲ್ಡ್, ಇಂಗ್ಲೆಂಡಿನ ಉಕ್ಕಿನ ಊರು. ಪೆನ್ಸಿಲ್ ಹೆರೆಯುವ ನನ್ನ ಚಾಕುವಿನ ಮೇಲೂ ಅದೇ ಊರಿನ ಹೆಸರಿತ್ತು. ಏನಾದರೊಂದು ಸಾಹೇಬರ ಹೆಸರು ಹುಟ್ಟಿಸಿ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಆ ಹೆಸರಿಗೆ ಪಾದ್ರಿಯ ಕಾಗದ ಹೋಗುತ್ತಿತ್ತು, ಮನೆಯಲ್ಲಿ ಅವನ ತಾಯಿ ಉತ್ತರಕ್ಕೆ ಕಾಯುತ್ತಿದ್ದಳು...

“ಅಣ್ಣಾ, ಇದು ಮನಶ್ಯಾನ ಹೆಸರಲ್ಲ. ಉಕ್ಕ ಮಾಡೂ ಕಾರ್ಖಾನಿದು. ಎಲ್ಲಾ ಸಲಾಕಿ ಮ್ಯಾಲೂ ಇದ ಇರತೈತಿ.”

“ಎಲ್ಲಾದರ ಮ್ಯಾಲೂ?”

“ಹೌದು.”

“ಅಂದ್ರ ನಾ ಕಡದ ಹಾಕಿದ್ದು ನಮ್ಮಪ್ಪನ ಹೆಸರಲ್ಲ?”

“ಅಲ್ಲೋ ಅಣ್ಣಾ.”

ಅವನು ನಕ್ಕುಬಿಟ್ಟ. ತಿಂಗಳುಗಟ್ಟಲೆ ಹೊತ್ತ ಹೊರೆ ಇಳಿದವನ ನಗೆ ಅದು. ಆ ಅಮ್ಮ ಇಬ್ಬರಿಗೂ ಮಜ್ಜಿಗೆ ಕೊಟ್ಟಳು, ಕುಡಿದೆವು. ಊರು ದಾಟಿ ಹರದಾರಿ ಬಂದಿರಬೇಕು, ಅವನು ದಾರಿಯ ನಡುವೆ ನಿಂತ. “ಹಂಗಾದ್ರ ಇನ್ನ ಎಲ್ಲಿ ಹುಡಕಬೇಕ್ರಿ?” ಎಂದ.

ಮಳೆಗಾಲಕ್ಕೆ ಮೊದಲೇ ತಾಯಿ ತೀರಿದಳು. ಹೆಣಕ್ಕೆ ಎಣ್ಣೆ ನೀರು ಹಾಕಿದ ಓಣಿಯ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ನಿಂತುಬಿಟ್ಟರು. ಹಚ್ಚಿದರೆ ಒಂದು ತಪ್ಪು, ಹಚ್ಚದಿದ್ದರೆ ಇನ್ನೊಂದು. ಹಿಂದಿನಿಂದ ನಗುತ್ತಿದ್ದವರೇ ಈಗ ಮಗನ ಮುಖ ನೋಡಿದರು. “ಏನ್ ಮಾಡೂಣಪಾ?” ಎಂದು ಹಿರಿಯಳೊಬ್ಬಳು ಮೆಲ್ಲಗೆ ಕೇಳಿದಳು.

ಅವನು ಗೋಡೆಗೆ ಆತು ನಿಂತಿದ್ದ.

“ಹಚ್ಚರಿ” ಎಂದ. “ಅವ ಸತ್ತಾನಂತ ನನಗ ಯಾರೂ ಹೇಳಿಲ್ಲ.”

ದೊಡ್ಡ ಕಾಸಿನಷ್ಟು ಕುಂಕುಮ ಹಚ್ಚಿದರು. ಉಡಿ ತುಂಬಿದರು.

ಕೋಲಾರದ ಗಣಿಗಳಲ್ಲಿ ಐರ್ಲೆಂಡಿನ ಮಂದಿ ಇರಬಹುದೆಂದು ಯಾರೋ ಹೇಳಿದ್ದರು. ತಾಯಿಯ ದಿನಕರ್ಮವೆಲ್ಲ ಮುಗಿದ ಮೇಲೆ ಕಂಬಾರಣ್ಣ ಕುಲುಮೆಗೆ ಕೀಲಿ ಹಾಕಿ, “ಕೇಳಿಕೊಂಡ ಬರ್ತೇನ್ರಿ ಮಾಸ್ತರ” ಎಂದು ಹೋದ. ಬರಲಿಲ್ಲ. ಅಲ್ಲಿಯ ಗಣಿಯ ವಿಳಾಸಕ್ಕೆ ಎರಡು ಕಾಗದ ಹಾಕಿದೆ. ಅವು ತಿರುಗಿ ನನ್ನ ಕೈಗೇ ಬಂದವು.

ಇವತ್ತಿಗೂ ಗುಂತಕಲ್ಲಿನಂಥ ದೊಡ್ಡ ಸ್ಟೇಷನ್ನಿನಲ್ಲಿ ಬಂಡಿ ನಿಂತರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇಳಿದು ಮುದುಕರ ಕಣ್ಣು ನೋಡುತ್ತ ಅಡ್ಡಾಡುತ್ತೇನೆ. ಅವನಿದ್ದರೆ ಎಂಬತ್ತು ದಾಟಿರಬೇಕು. ಇರಲಾರನೆಂದು ನನಗೂ ತಿಳಿಯುತ್ತದೆ. ಆದರೆ ಈ ಬರಹ ಸುರು ಮಾಡುವಾಗ ‘ದಿವಂಗತ’ ಎಂದು ಬರೆಯಲು ಹೋದ ಕೈ ಅಲ್ಲೇ ತಡೆಯಿತು. ನನಗೂ ಯಾರೂ ಹೇಳಿಲ್ಲ.